ಶಿಕ್ಷಣ ಮತ್ತು ಸಾಮಾಜಿಕ ಪರಿವರ್ತನೆ: ಸ್ನಾತಕೋತ್ತರ ಅಧ್ಯಯನದ ಸ್ವರೂಪ ಹಾಗೂ ಪ್ರಸಾದ ನಿಲಯಗಳ ದಾಖಲೆಗಳು

ಶಿಕ್ಷಣಶಾಸ್ತ್ರದಲ್ಲಿ ಸ್ನಾತಕೋತ್ತರ ಅಧ್ಯಯನವೆಂದೊಡನೆ ಬಿ.ಎಡ್. ಮುಗಿಸಿದವರು ಮುಂದೆ ಮಾಡುವ ಎಂ.ಎಡ್. ಎಂದೇ ನಮ್ಮ ಸದ್ಭಕ್ತರಲ್ಲಿ ಬಹುಮಂದಿ ಭಾವಿಸುತ್ತಾರೆ. ಎಂ.ಎಡ್. ಶಿಕ್ಷಕರನ್ನು ತರಬೇತುಗೊಳಿಸುವವರನ್ನು ಸಿದ್ಧಪಡಿಸುವ ವ್ಯಾಸಂಗ. ಅದಕ್ಕೆ ಬಿ.ಎಡ್. ಅಥವಾ ತತ್ಸಮಾನ ಅರ್ಹತೆ ಬೇಕು. ಇದರ ಜೊತೆಗೆ ಎಂ.ಎ. ಶಿಕ್ಷಣ ಎಂಬ ಇನ್ನೊಂದು ಪದವಿಯುಂಟು. ಅದಕ್ಕೆ ಯಾವುದೇ ವಿಷಯದ ಪದವೀಧರರು ಸೇರಬಹುದು. ಪಾಠ ಹೇಳುವ ವಿಧಾನವನ್ನು ಕಲಿಸುವುದು ಅದರ ಮುಖ್ಯ ಉದ್ದೇಶವಲ್ಲ. ಶಾಲೆಯೆಂಬ ಸಂಸ್ಥೆ ಸಮಾಜದಲ್ಲಿ ಏನು ಮಾಡುತ್ತದೆ, ಯಾರನ್ನು ಮೇಲಕ್ಕೆತ್ತುತ್ತದೆ, ಯಾರನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತದೆ ಎಂಬುದನ್ನು ವಿಚಾರಿಸುವುದು ಅದರ ಉದ್ದೇಶ. ಈ ಎರಡೂ ವ್ಯಾಸಂಗಗಳಲ್ಲಿ ಶಿಕ್ಷಣದ ಸಮಾಜಶಾಸ್ತ್ರವೆಂಬ ಪತ್ರಿಕೆಯ ಹೃದಯಭಾಗದಲ್ಲಿರುವುದು ಶಿಕ್ಷಣ ಮತ್ತು ಸಾಮಾಜಿಕ ಪರಿವರ್ತನೆಯ ಸಂಬಂಧ. ಈ ಲೇಖನದಲ್ಲಿ ಆ ಅಧ್ಯಯನದ ಸ್ವರೂಪವನ್ನು ವಿವರಿಸಿ, ನಮ್ಮ ನಾಡಿನ ಮಠಗಳ ಪ್ರಸಾದ ನಿಲಯಗಳಿಗೂ ಅದಕ್ಕೂ ಇರುವ ನಂಟನ್ನು ತಿಳಿಸಲು ಬಯಸುತ್ತೇವೆ. ಆ ನಂಟಿನ ಸಾಕ್ಷ್ಯಗಳು ಹಳೆಯ ಕಪಾಟುಗಳಲ್ಲಿ ಗೆದ್ದಲಿನ ಪಾಲಾಗುತ್ತಿರುವುದರಿಂದ ಇದನ್ನು ಈಗಲೇ ಬರೆಯುವುದು ಯುಕ್ತವೆನಿಸಿತು.

ಅಧ್ಯಯನದ ಮೂಲಪ್ರಶ್ನೆ

ಶಿಕ್ಷಣವು ಸಮಾಜವನ್ನು ಬದಲಿಸುತ್ತದೆಯೆಂದು ಸಭೆ ಸಮಾರಂಭಗಳಲ್ಲಿ ನಾವೆಲ್ಲ ಕೇಳುತ್ತೇವೆ, ಹೇಳುತ್ತೇವೆ. ಸ್ನಾತಕೋತ್ತರ ತರಗತಿಯಲ್ಲಿ ಮೊದಲು ಪರೀಕ್ಷೆಗೆ ಒಳಗಾಗುವುದು ಈ ಮಾತೇ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ ಶಾಲೆಯನ್ನು ಕಂಡದ್ದು ಹಿರಿಯ ತಲೆಮಾರು ಕಿರಿಯ ತಲೆಮಾರನ್ನು ಸಮಾಜಕ್ಕೆ ಹೊಂದಿಸುವ ಸಾಧನವಾಗಿ. ಆ ದೃಷ್ಟಿಯಲ್ಲಿ ಶಾಲೆಯ ಸಹಜ ಕೆಲಸ ಮುಂದುವರಿಸುವುದೇ ಹೊರತು ಬದಲಿಸುವುದಲ್ಲ. ಅದೇ ದೇಶದ ಪಿಯರ್ ಬೋರ್ದಿಯೂ ಮತ್ತು ಜಾನ್ ಕ್ಲೋದ್ ಪಾಸ್ಸೆರಾನ್ 1970ರಲ್ಲಿ ಪ್ರಕಟಿಸಿದ ಗ್ರಂಥವು ಇನ್ನೂ ಕಠಿಣವಾದ ಮಾತನ್ನಾಡಿತು. ಶ್ರೀಮಂತರ ಮನೆಯ ಮಗು ಶಾಲೆಗೆ ಬರುವಾಗಲೇ ಶಾಲೆ ಮೆಚ್ಚುವ ಭಾಷೆ, ನಡವಳಿಕೆ, ಅಭಿರುಚಿಗಳನ್ನು ಹೊತ್ತು ತರುತ್ತದೆ. ಶಾಲೆ ಅದನ್ನೇ ಪ್ರತಿಭೆಯೆಂದು ಅಳೆದು ಅಂಕ ನೀಡುತ್ತದೆ. ಹೀಗೆ ಹುಟ್ಟಿನ ಅಂತರಕ್ಕೆ ಯೋಗ್ಯತೆಯ ಮುದ್ರೆ ಬೀಳುತ್ತದೆ. ಮನೆಯಿಂದ ಬರುವ ಈ ಬಗೆಯ ಬಂಡವಾಳವನ್ನು ಬೋರ್ದಿಯೂ ಸಾಂಸ್ಕೃತಿಕ ಬಂಡವಾಳವೆಂದು ಕರೆದರು.

ಈ ವಿದ್ವಾಂಸರ ಜೀವನದ ಒಂದು ವಿವರ ನಮ್ಮ ವಾಚಕರಿಗೆ ಆಪ್ತವೆನಿಸಬಹುದು. ಬೋರ್ದಿಯೂ ಜನಿಸಿದ್ದು 1930ರಲ್ಲಿ, ಫ್ರಾನ್ಸಿನ ನೈರುತ್ಯ ಮೂಲೆಯ ಬೆಆರ್ನ್ ಸೀಮೆಯ ಹಳ್ಳಿಯೊಂದರಲ್ಲಿ. ತಂದೆ ಅಂಚೆ ಇಲಾಖೆಯ ಸಣ್ಣ ನೌಕರರು, ಅವರ ಹಿಂದಿನ ತಲೆಮಾರಿನವರು ಕೃಷಿಕರು. ಪೋ ಪಟ್ಟಣದ ಪ್ರೌಢಶಾಲೆಯ ವಸತಿ ನಿಲಯದಲ್ಲಿ ಇದ್ದುಕೊಂಡು ಬಾಲಕ ಓದಬೇಕಾಯಿತು. ಪಟ್ಟಣದ ಮಕ್ಕಳ ನಡುವೆ ತನ್ನ ಮಾತಿನ ಧಾಟಿಯೇ ತನ್ನನ್ನು ಬೇರ್ಪಡಿಸುವುದನ್ನು ಅಲ್ಲಿ ಅನುಭವಿಸಿದರು. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿ ಉಳಿದು ಓದಿದ ನಮ್ಮ ನಾಡಿನ ಸಾವಿರಾರು ಮಂದಿಗೆ ಈ ಸಿದ್ಧಾಂತವನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲ.

ಇದಕ್ಕೆ ಎದುರಾಗಿ ನಿಲ್ಲುವವರು ಬ್ರೆಜಿಲ್ ದೇಶದ ಪಾಲೋ ಫ್ರೈರೆ. 1963ರಲ್ಲಿ ಆ ದೇಶದ ಈಶಾನ್ಯ ಭಾಗದ ಅಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ದುಡಿಯುವ ಜನರಿಗೆ ಕೇವಲ 40 ಗಂಟೆಗಳ ಪಾಠಕ್ರಮದಲ್ಲಿ ಓದುಬರಹ ಕಲಿಸುವ ಪ್ರಯೋಗವನ್ನು ಅವರು ನಡೆಸಿದರು. ಕಲಿಯುವವರ ಬದುಕಿನಿಂದಲೇ ಪದಗಳನ್ನು ಆರಿಸಿ, ಆ ಪದಗಳ ಮೂಲಕ ಅವರ ಸ್ಥಿತಿಗತಿಯನ್ನು ಚರ್ಚಿಸುತ್ತ ಅಕ್ಷರ ಕಲಿಸುವುದು ಅವರ ಕ್ರಮ. ಆಗ ಬ್ರೆಜಿಲಿನಲ್ಲಿ ಅನಕ್ಷರಸ್ಥರಿಗೆ ಮತದಾನದ ಹಕ್ಕು ಇರಲಿಲ್ಲ. ಆದುದರಿಂದ ಅಕ್ಷರ ಕಲಿಸುವುದೆಂದರೆ ಮತದಾರರನ್ನು ಸೃಷ್ಟಿಸುವುದೇ ಆಗಿತ್ತು. 1964ರಲ್ಲಿ ಸೈನ್ಯವು ಅಧಿಕಾರ ಹಿಡಿದೊಡನೆ ಫ್ರೈರೆಯವರು ಸೆರೆಮನೆ ಕಂಡು, ಬಳಿಕ ದೇಶಭ್ರಷ್ಟರಾದರು. ಶಿಕ್ಷಣ ಸಮಾಜವನ್ನು ಅಲುಗಾಡಿಸಲಾರದು ಎನ್ನುವವರಿಗೆ ಈ ಘಟನೆಯೇ ಒಂದು ಉತ್ತರ.

ಭಾರತದ ಸಂದರ್ಭ

ನಮ್ಮ ದೇಶದಲ್ಲಿ ಈ ಚರ್ಚೆಗೆ ದೀರ್ಘವಾದ ಪರಂಪರೆಯಿದೆ. 1835ರ ಮೆಕಾಲೆಯ ಟಿಪ್ಪಣಿಯ ಹಿಂದೆ ಇದ್ದ ನಂಬಿಕೆಯೆಂದರೆ, ಮೇಲಿನ ಸ್ತರದ ಕೆಲವರಿಗೆ ವಿದ್ಯೆ ಕೊಟ್ಟರೆ ಅದು ಸೋಸಿಕೊಂಡು ಕೆಳಗಿನವರಿಗೂ ಇಳಿಯುತ್ತದೆ ಎಂಬುದು. 1882ರಲ್ಲಿ ಹಂಟರ್ ಆಯೋಗದ ಮುಂದೆ ಮಹಾತ್ಮಾ ಜೋತಿರಾವ್ ಫುಲೆಯವರು ಸಲ್ಲಿಸಿದ ಹೇಳಿಕೆ ಈ ನಂಬಿಕೆಯನ್ನು ನೇರವಾಗಿ ಪ್ರಶ್ನಿಸಿತು. ಸರ್ಕಾರದ ಆದಾಯ ಬರುವುದು ರೈತಾಪಿ ಜನರ ದುಡಿಮೆಯಿಂದ, ಅದರ ಫಲ ಸಲ್ಲುವುದು ಉನ್ನತ ಶಿಕ್ಷಣ ಪಡೆಯುವ ಕೆಲವೇ ಜಾತಿಗಳಿಗೆ ಎಂಬುದು ಅವರ ವಾದದ ತಿರುಳು. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ಅವರು ಒತ್ತಾಯಿಸಿದರು. ಆ ಒತ್ತಾಯ ದೇಶವ್ಯಾಪಿ ಕಾನೂನಿನ ರೂಪದಲ್ಲಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ನಡುವೆ 128 ವರ್ಷಗಳು ಕಳೆದವು.

ಸ್ವಾತಂತ್ರ್ಯಾನಂತರ 1964ರಿಂದ 1966ರವರೆಗೆ ಕಾರ್ಯನಿರ್ವಹಿಸಿದ ಕೊಠಾರಿ ಆಯೋಗ, 1968 ಮತ್ತು 1986ರ ರಾಷ್ಟ್ರೀಯ ನೀತಿಗಳು, 2020ರ ನೀತಿ ಇವೆಲ್ಲವೂ ಪಠ್ಯಕ್ರಮದಲ್ಲಿವೆ. ಪರೀಕ್ಷೆಯ ದೃಷ್ಟಿಯಿಂದ ಅವು ಅವಶ್ಯ. ಆದರೆ ನಮ್ಮ ಅಭಿಪ್ರಾಯದಲ್ಲಿ ನೀತಿಗಳ ಪಟ್ಟಿಯನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಗೆ ಪರಿವರ್ತನೆ ಹೇಗೆ ನಡೆಯಿತೆಂಬುದು ತಿಳಿಯುವುದಿಲ್ಲ. ಅದಕ್ಕೆ ಇನ್ನೂ ಸಣ್ಣ ಪ್ರಶ್ನೆಯಿಂದ ಹೊರಡಬೇಕು. ಹಳ್ಳಿಯ ಹುಡುಗ ಪಟ್ಟಣದಲ್ಲಿ ಎಲ್ಲಿ ಮಲಗಿದ, ಏನು ಉಂಡ?

ಅನ್ನ ಮತ್ತು ವಸತಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉತ್ತರ ಕರ್ನಾಟಕದ ಬಹುಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮುನ್ನ ವಿಜಯಪುರ ಅಥವಾ ಬಾಗಲಕೋಟೆಯ ತರುಣ ಪದವಿ ಪಡೆಯಬೇಕಾದರೆ ಪುಣೆಗೋ ಮುಂಬಯಿಗೋ ಕೊಲ್ಲಾಪುರಕ್ಕೋ ಹೋಗಬೇಕಿತ್ತು. ಮೈಸೂರು ಸಂಸ್ಥಾನದಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1916ರಲ್ಲಿ. ಶುಲ್ಕವನ್ನು ಹೇಗೋ ಹೊಂದಿಸಬಹುದು. ಆದರೆ ಪಟ್ಟಣದಲ್ಲಿ ನೆಂಟರಿಲ್ಲದ ಒಕ್ಕಲು ಮನೆತನದ ಹುಡುಗನಿಗೆ ದಿನದ ಎರಡು ಹೊತ್ತಿನ ಊಟವೇ ದೊಡ್ಡ ಗೋಡೆ. ಬ್ರಾಹ್ಮಣ ವಿದ್ಯಾರ್ಥಿಗಳಿಗೆ ವಾರಾನ್ನದ ವ್ಯವಸ್ಥೆಯಿತ್ತು, ವಾರದ ಏಳು ದಿನ ಏಳು ಮನೆಗಳಲ್ಲಿ ಊಟ. ಉಳಿದ ಜಾತಿಗಳಿಗೆ ಪಟ್ಟಣಗಳಲ್ಲಿ ಅಂತಹ ಮನೆಗಳೇ ವಿರಳ.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗೆ ಸರ್ಕಾರದ ಮೇಲ್ದರ್ಜೆಯ ಹುದ್ದೆಗಳಲ್ಲಿ ಕನಿಷ್ಠ ಅರ್ಧಾಂಶ, ಕೆಳದರ್ಜೆಯ ಹುದ್ದೆಗಳಲ್ಲಿ ಮೂರನೆಯ ಎರಡು ಅಂಶ ಬ್ರಾಹ್ಮಣೇತರ ಸಮುದಾಯಗಳಿಗೆ ದೊರೆಯಬೇಕೆಂಬುದು ಸಮಿತಿಯ ಶಿಫಾರಸು. ಕಾಗದದ ಮೇಲೆ ಹುದ್ದೆ ಸಿಕ್ಕಿತು. ಆ ಹುದ್ದೆಗೆ ಪದವೀಧರ ಬೇಕು, ಪದವಿಗೆ ಪಟ್ಟಣ ಬೇಕು, ಪಟ್ಟಣದಲ್ಲಿ ಅನ್ನ ಬೇಕು. ಈ ಸರಪಳಿಯ ಕೊನೆಯ ಕೊಂಡಿಯನ್ನು ಬೆಸೆದವರು ಸರ್ಕಾರದ ಅಧಿಕಾರಿಗಳಿಗಿಂತ ಹೆಚ್ಚಾಗಿ ಮಠಾಧೀಶರು, ವರ್ತಕರು, ಶಾಲಾ ಮಾಸ್ತರರು.

ಹಾನಗಲ್ಲ ಕುಮಾರ ಶಿವಯೋಗಿಗಳ ಪ್ರೇರಣೆಯಿಂದ 1904ರಲ್ಲಿ ಸ್ಥಾಪಿತವಾದ ಮಹಾಸಭೆ ವಿದ್ಯಾಪ್ರಸಾರವನ್ನು ತನ್ನ ಧ್ಯೇಯಗಳಲ್ಲಿ ಸೇರಿಸಿಕೊಂಡಿತು. ಸಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೃತ್ಯುಪತ್ರದ ಮೂಲಕ ಮುಡಿಪಾಗಿಟ್ಟರು. 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕಾಲೇಜಿಗೆ ಅವರ ಹೆಸರೇ ಇದೆ. ಆ ಕಾಲೇಜನ್ನು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ 1916ರಲ್ಲಿ ಏಳು ಮಂದಿ ಮಹನೀಯರಿಂದ ಸ್ಥಾಪನೆಗೊಂಡಿತು. ಬೆಂಗಳೂರಿನಲ್ಲಿ ವರ್ತಕ ಗುಬ್ಬಿ ತೋಟದಪ್ಪನವರ ಧರ್ಮಛತ್ರ ಮತ್ತು ವಿದ್ಯಾರ್ಥಿ ನಿಲಯ, ಧಾರವಾಡದಲ್ಲಿ ಮುರುಘಾಮಠದ ಮೃತ್ಯುಂಜಯ ಮಹಾಸ್ವಾಮಿಗಳ ಉಚಿತ ಪ್ರಸಾದ ನಿಲಯ, ತುಮಕೂರಿನ ಬಳಿ ಸಿದ್ಧಗಂಗೆ, ಮೈಸೂರಿನಲ್ಲಿ ಸುತ್ತೂರು ಶ್ರೀಮಠದ ವಿದ್ಯಾರ್ಥಿ ನಿಲಯ, ಸಿರಿಗೆರೆ, ಗದಗ, ಹೀಗೆ ಪಟ್ಟಿ ಬೆಳೆಯುತ್ತದೆ. ಲಿಂಗೈಕ್ಯ ಡಾ. ಶಿವಕುಮಾರ ಮಹಾಸ್ವಾಮಿಗಳ ಕಾಲದಲ್ಲಿ ಸಿದ್ಧಗಂಗೆಯಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಜಾತಿಭೇದವಿಲ್ಲದೆ ಉಂಡು ಓದುತ್ತಿದ್ದುದನ್ನು ಬಲ್ಲವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹದಲ್ಲಿ ಅನ್ನವೇ ಮೊದಲಾದದ್ದು ಆಕಸ್ಮಿಕವಲ್ಲ.

ಕೊಲ್ಲಾಪುರ, ಸಾತಾರಾ ಮತ್ತು ಒಂದು ತೊಡಕಿನ ಪ್ರಶ್ನೆ

ನೆರೆಯ ಕೊಲ್ಲಾಪುರವನ್ನು ಬಿಟ್ಟು ಈ ಇತಿಹಾಸವನ್ನು ಬರೆಯಲಾಗದು. ಅಲ್ಲಿನ ಅರಸರಾದ ಶಾಹೂ ಮಹಾರಾಜರು 1902ರಲ್ಲಿ ತಮ್ಮ ಸಂಸ್ಥಾನದ ತೆರವಾಗುವ ಹುದ್ದೆಗಳಲ್ಲಿ ಅರ್ಧದಷ್ಟನ್ನು ಹಿಂದುಳಿದ ಸಮುದಾಯಗಳಿಗೆ ಮೀಸಲಿರಿಸಿದ್ದು ಎಲ್ಲರಿಗೂ ತಿಳಿದದ್ದೇ. ಅದಕ್ಕೆ ಸಮನಾದ ಮಹತ್ವ ಅವರು ಬೆಂಬಲಿಸಿದ ವಿದ್ಯಾರ್ಥಿ ನಿಲಯಗಳಿಗೂ ಉಂಟು. ಮರಾಠರು, ಜೈನರು, ಮುಸ್ಲಿಮರು, ಲಿಂಗಾಯತರು, ಅಸ್ಪೃಶ್ಯರೆನಿಸಿದವರು, ಹೀಗೆ ಒಂದೊಂದು ಸಮುದಾಯಕ್ಕೂ ಪ್ರತ್ಯೇಕ ನಿಲಯಗಳು ಆ ಒಂದೇ ನಗರದಲ್ಲಿ ತಲೆಯೆತ್ತಿದವು. ಡಾ. ಅಂಬೇಡ್ಕರ್ ಅವರು ಸ್ಥಾಪಿಸಿದ ಬಹಿಷ್ಕೃತ ಹಿತಕಾರಿಣಿ ಸಭೆ 1925ರಲ್ಲಿ ಸೊಲ್ಲಾಪುರದಲ್ಲಿ ವಿದ್ಯಾರ್ಥಿ ನಿಲಯವನ್ನು ತೆರೆಯಿತು. ಸಭೆಯ ಆರಂಭದ ಕಾರ್ಯಗಳಲ್ಲಿ ಅದೂ ಒಂದೆಂಬುದನ್ನು ಗಮನಿಸಬೇಕು.

ಕೊಲ್ಲಾಪುರದ ಜೈನ ನಿಲಯದಲ್ಲಿದ್ದು ಓದಿದ ಭಾವೂರಾವ್ ಪಾಟೀಲರು ಮುಂದೆ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಸಾತಾರಾದಲ್ಲಿ ಅವರು ನಡೆಸಿದ ನಿಲಯದಲ್ಲಿ ಎಲ್ಲ ಜಾತಿಯ ಹುಡುಗರೂ ತಾವೇ ಅಡುಗೆ ಮಾಡಿ, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕಿತ್ತು. ದುಡಿದು ಕಲಿಯುವುದು ಅಲ್ಲಿನ ಕ್ರಮ.

ಇಲ್ಲಿ ಎರಡು ಮಾದರಿಗಳು ಎದುರುಬದುರಾಗುತ್ತವೆ. ಸಮುದಾಯಕ್ಕೊಂದು ನಿಲಯವಾದರೆ ದಾನಿಗಳು ದೊರೆಯುತ್ತಾರೆ, ತಂದೆತಾಯಿಗಳು ನಿಶ್ಚಿಂತೆಯಿಂದ ಮಕ್ಕಳನ್ನು ಕಳುಹಿಸುತ್ತಾರೆ, ಕೆಲಸ ಬೇಗ ಸಾಗುತ್ತದೆ. ಆದರೆ ಜಾತಿಯ ಗಡಿ ಪಟ್ಟಣದಲ್ಲಿಯೂ ಹೊಸ ಗೋಡೆಯಾಗಿ ನಿಲ್ಲುತ್ತದೆ. ಎಲ್ಲರಿಗೂ ಒಂದೇ ಪಂಕ್ತಿಯಾದರೆ ಗೋಡೆ ಕರಗುತ್ತದೆ, ಆದರೆ ಆ ಕಾಲಕ್ಕೆ ಎಷ್ಟು ತಂದೆತಾಯಿಗಳು ಅದಕ್ಕೆ ಒಪ್ಪಿದ್ದರು? ನಮ್ಮ ಮಠಗಳ ನಿಲಯಗಳಲ್ಲಿ ಅನೇಕವು ಮೊದಲ ಮಾದರಿಯಲ್ಲಿ ಆರಂಭವಾಗಿ, ಒಂದೊಂದು ಒಂದೊಂದು ಕಾಲದಲ್ಲಿ, ಎರಡನೆಯದರತ್ತ ಸರಿದವು. ಯಾವ ನಿಲಯ ಯಾವ ವರ್ಷದಲ್ಲಿ ಬಾಗಿಲು ತೆರೆಯಿತು, ತೆರೆದಾಗ ದಾನಿಗಳು ಏನೆಂದರು, ಮೊದಲು ಬಂದ ಪರಿಶಿಷ್ಟ ಜಾತಿಯ ಬಾಲಕ ಎಲ್ಲಿ ಕುಳಿತು ಉಂಡ ಎಂಬುದು ಭಕ್ತಿಯಿಂದ ಹೇಳಿ ಮುಗಿಸುವ ವಿಷಯವಲ್ಲ, ದಾಖಲೆ ನೋಡಿ ಹೇಳಬೇಕಾದ ವಿಷಯ. ಜಾತಿಯನ್ನು ಕೇಳಬಾರದೆಂಬ ಶರಣರ ನಿಲುವನ್ನು ಒಪ್ಪಿದ ನಾವು ನಮ್ಮ ಪ್ರವೇಶ ಪುಸ್ತಕಗಳಲ್ಲಿ ಜಾತಿಯ ಕಲಮನ್ನು ಹೇಗೆ ತುಂಬಿದೆವು ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ದೀರ್ಘ ವಿಳಂಬವಾಯಿತು. ಹಳೆಯ ನಿಲಯಗಳಲ್ಲಿ ಬಹುತೇಕ ಬಾಲಕರಿಗಷ್ಟೇ ಪ್ರವೇಶವಿತ್ತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪುರುಷರ ಸಾಕ್ಷರತೆ ಶೇ. 82.47, ಮಹಿಳೆಯರದು ಶೇ. 68.08. ಅದೇ ಗಣತಿಯಲ್ಲಿ ದಕ್ಷಿಣ ಕನ್ನಡ ಶೇ. 88ರ ಮೇಲಿದ್ದರೆ ಯಾದಗಿರಿ ಶೇ. 52ರ ಆಸುಪಾಸಿನಲ್ಲಿತ್ತು. ಕಲ್ಯಾಣ ಕರ್ನಾಟಕದಲ್ಲಿಯೂ ಮಠಗಳಿಗೆ ಕೊರತೆಯಿಲ್ಲ. ಆದರೂ ಈ ಅಂತರವೇಕೆ? ನಿಜಾಮರ ಆಳ್ವಿಕೆಯ ಶಿಕ್ಷಣ ಮಾಧ್ಯಮ, ಭೂಹಿಡುವಳಿ, ಮಳೆ, ವಲಸೆ, ಇವೆಲ್ಲವನ್ನೂ ತೂಗಿ ನೋಡದೆ ಯಾರೂ ಸುಲಭವಾದ ಉತ್ತರ ಕೊಡಲಾಗದು. ಒಳ್ಳೆಯ ಸ್ನಾತಕೋತ್ತರ ಪ್ರಬಂಧಕ್ಕೆ ತಕ್ಕ ವಿಷಯವಿದು.

ಪುಸ್ತಕಗಳಲ್ಲಿ ಏನಿದೆ

ವಸತಿ ನಿಲಯದ ಹಳೆಯ ಪ್ರವೇಶ ಪುಸ್ತಕದಲ್ಲಿ ಸಾಮಾನ್ಯವಾಗಿ ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಕಸುಬು, ಊರು, ಜಾತಿ, ಹಿಂದೆ ಓದಿದ ಶಾಲೆ, ಸೇರಿದ ಮತ್ತು ಬಿಟ್ಟ ದಿನಾಂಕ, ಬಿಟ್ಟ ಕಾರಣ ಇರುತ್ತವೆ. ದಾಸೋಹದ ಜಮಾ ಖರ್ಚಿನ ಕಿರ್ದಿಯಲ್ಲಿ ಯಾವ ಊರಿನಿಂದ ಎಷ್ಟು ಚೀಲ ಜೋಳ ಬಂತು, ಯಾವ ತಿಂಗಳು ಎಷ್ಟು ಮಂದಿ ಉಂಡರು ಎಂಬುದು ಸಿಗುತ್ತದೆ. ಬರಗಾಲದ ವರ್ಷದಲ್ಲಿ ಜೋಳ ಕಡಿಮೆಯಾಗಿ ಮಕ್ಕಳು ಹೆಚ್ಚಾದರೆ ಕಿರ್ದಿಯನ್ನು ನೋಡಿದವರಿಗೆ ಅದು ತಾನಾಗಿಯೇ ಕಾಣುತ್ತದೆ.

ಈ ಪುಸ್ತಕಗಳಿಂದ ಸಂಶೋಧಕ ಮಾಡಬಹುದಾದ ಕೆಲಸವನ್ನು ಉದಾಹರಣೆಯೊಡನೆ ಹೇಳುವುದಾದರೆ, ಇಪ್ಪತ್ತು ವರ್ಷಗಳ ಪ್ರವೇಶಗಳಲ್ಲಿ ಪ್ರತಿ ಹತ್ತನೆಯ ಹೆಸರನ್ನು ತೆಗೆದುಕೊಳ್ಳಬಹುದು. ತಂದೆಯ ಕಸುಬಿನ ಪ್ರಕಾರ ವಿಂಗಡಿಸಿ, ಊರಿನ ದೂರವನ್ನು ಅಳೆದು, ನಡುವೆಯೇ ಬಿಟ್ಟುಹೋದವರು ಯಾವ ವರ್ಗದವರೆಂದು ಎಣಿಸಬಹುದು. ಬಳಿಕ ಬದುಕಿರುವ ಹಿರಿಯ ವಿದ್ಯಾರ್ಥಿಗಳನ್ನು ಭೇಟಿಯಾಗಿ ಅವರ ಹಾಗೂ ಅವರ ಮಕ್ಕಳ ಉದ್ಯೋಗ, ಮದುವೆ, ವಾಸಸ್ಥಳಗಳನ್ನು ಕೇಳಿ ಬರೆದುಕೊಳ್ಳಬಹುದು. ತಲೆಮಾರುಗಳ ನಡುವಿನ ಸ್ಥಾನಪಲ್ಲಟವನ್ನು ಅಳೆಯುವ ಕ್ರಮವಿದು. ಒಂದು ಎಚ್ಚರ ಅವಶ್ಯ. ಪುಸ್ತಕದಲ್ಲಿರುವುದು ಬಂದವರ ಹೆಸರು ಮಾತ್ರ. ಬರಲಾಗದವರ, ಬಂದು ಸ್ಥಳವಿಲ್ಲದೆ ಹಿಂತಿರುಗಿದವರ ಲೆಕ್ಕ ಅಲ್ಲಿ ಸಿಗದು. ಅದಕ್ಕೆ ಆಯಾ ಊರಿನ ಶಾಲಾ ದಾಖಲೆಗಳನ್ನೂ ಜನಗಣತಿಯನ್ನೂ ಜೋಡಿಸಿ ನೋಡಬೇಕು.

ನಮ್ಮ ಸಮುದಾಯದ ಕುರಿತ ಸಾಮಾಜಿಕ ಅಧ್ಯಯನಗಳಿಲ್ಲವೆಂದಲ್ಲ. ಕರ್ನಾಟಕದಲ್ಲಿ ಹುಟ್ಟಿ ಕೆನಡಾದಲ್ಲಿ ಪ್ರಾಧ್ಯಾಪಕರಾಗಿದ್ದ ಕೆ. ಈಶ್ವರನ್ ಅವರು ಲಿಂಗಾಯತ ಸಮಾಜವನ್ನು ಕುರಿತು ಬರೆದ ಗ್ರಂಥ 1983ರಲ್ಲಿ ಪ್ರಕಟವಾಯಿತು. ಮೈಸೂರು ಸಂಸ್ಥಾನದ ರಾಜಕೀಯ ಪರಿವರ್ತನೆಯನ್ನು ಕುರಿತ ಜೇಮ್ಸ್ ಮೇನರ್ ಅವರ ಗ್ರಂಥ 1977ರದು. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಅವರ ಸಂಸ್ಕೃತೀಕರಣ, ಪ್ರಬಲ ಜಾತಿ ಎಂಬ ಪರಿಕಲ್ಪನೆಗಳಿಲ್ಲದೆ ಯಾವ ತರಗತಿಯೂ ನಡೆಯದು. ಆದರೆ ಪ್ರಸಾದ ನಿಲಯದ ಒಳಗಿನಿಂದ, ಕನ್ನಡದಲ್ಲಿ, ಅಂಕಿಅಂಶ ಸಹಿತ ಬರೆಯುವವರು ಇನ್ನೂ ಹೆಚ್ಚು ಮಂದಿ ಬೇಕು. ಅಭಿನಂದನ ಗ್ರಂಥಗಳು ನಮ್ಮಲ್ಲಿ ಯಥೇಚ್ಛವಾಗಿವೆ. ಅವುಗಳ ಬೆಲೆ ಅವುಗಳಿಗೆ ಇದ್ದೇ ಇದೆ. ಸಂಶೋಧನ ಪ್ರಬಂಧವೆಂಬುದು ಬೇರೆ ಜಾತಿಯ ಬರಹ. ಅದು ಶ್ರೀಮಠಕ್ಕೆ ಹಿತವಾಗುವಂತೆ ಬರಬೇಕೆಂದು ಭಕ್ತರು ನಿರೀಕ್ಷಿಸಬಾರದು.

ವ್ಯಾಸಂಗ ಮತ್ತು ಉದ್ಯೋಗ

ಎಂ.ಎ. ಶಿಕ್ಷಣ ಸಾಮಾನ್ಯವಾಗಿ ಎರಡು ವರ್ಷಗಳ ವ್ಯಾಸಂಗ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಹಾಗೂ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಈ ಕ್ಷೇತ್ರದಲ್ಲಿ ಹೆಸರಾದವು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ದೂರಶಿಕ್ಷಣದಲ್ಲಿಯೂ ಓದಬಹುದು. ನಮ್ಮ ರಾಜ್ಯದ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಣ ವಿಭಾಗಗಳಿವೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಎಂ.ಎಡ್. ಲಭ್ಯವಿದೆ. ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶವಿದೆಯೇ ಎಂಬುದನ್ನು ಸೇರುವ ಮೊದಲೇ ಆಯಾ ಸಂಸ್ಥೆಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

ತಂದೆತಾಯಿಗಳು ಮೊದಲು ಕೇಳುವುದು ಉದ್ಯೋಗವನ್ನು. ಸ್ಪಷ್ಟವಾಗಿ ಹೇಳಬೇಕೆಂದರೆ, ಎಂ.ಎ. ಶಿಕ್ಷಣವೊಂದರಿಂದಲೇ ಪ್ರೌಢಶಾಲಾ ಶಿಕ್ಷಕರ ಹುದ್ದೆ ದೊರೆಯದು, ಅದಕ್ಕೆ ಬಿ.ಎಡ್. ಬೇಕೇ ಬೇಕು. ಸ್ವಯಂಸೇವಾ ಸಂಸ್ಥೆಗಳು, ಪಠ್ಯಪುಸ್ತಕ ರಚನೆ, ಶಿಕ್ಷಣ ಯೋಜನೆಗಳ ಮೌಲ್ಯಮಾಪನ, ಸಂಶೋಧನೆ, ಇವು ಇದರ ದಾರಿಗಳು. ಶಿಕ್ಷಣ ವಿಷಯದಲ್ಲಿ ರಾಷ್ಟ್ರೀಯ ಅರ್ಹತಾ ಪರೀಕ್ಷೆಯನ್ನೂ ಬರೆಯಬಹುದು. ವೇತನವನ್ನೇ ಪ್ರಧಾನವಾಗಿ ಎಣಿಸುವವರಿಗೆ ನಾವು ಈ ದಾರಿಯನ್ನು ಸೂಚಿಸುವುದಿಲ್ಲ. ಹಳ್ಳಿಯ ಶಾಲೆಯನ್ನು ಬಲ್ಲ, ಕನ್ನಡ ಚೆನ್ನಾಗಿ ಬಲ್ಲ, ಲೆಕ್ಕಕ್ಕೆ ಹೆದರದ ಮಕ್ಕಳಿದ್ದರೆ ಅಂಥವರಿಗೆ ಖಂಡಿತ ಸೂಚಿಸುತ್ತೇವೆ.

ದಾಖಲೆಗಳ ರಕ್ಷಣೆ

ಗ್ರಾಮಗಳ ಶಾಖಾಮಠಗಳಲ್ಲಿ, ಹಳೆಯ ಬೋರ್ಡಿಂಗುಗಳಲ್ಲಿ, ನಿವೃತ್ತ ವ್ಯವಸ್ಥಾಪಕರ ಮನೆಗಳಲ್ಲಿ ಇಂತಹ ಪುಸ್ತಕಗಳಿದ್ದರೆ ಸುಣ್ಣಬಣ್ಣದ ವೇಳೆ ರದ್ದಿಗೆ ಹಾಕಬಾರದೆಂದು ಸದ್ಭಕ್ತರಲ್ಲಿ ವಿನಂತಿಸುತ್ತೇವೆ. ಪುಟಗಳನ್ನು ಬಿಸಿಲಿಗೆ ಒಡ್ಡಬಾರದು, ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬಾರದು, ಗುಂಡುಪಿನ್ನುಗಳಿದ್ದರೆ ತುಕ್ಕು ಹಿಡಿಯುವ ಮುನ್ನ ತೆಗೆಯಬೇಕು. ಮೊಬೈಲಿನಲ್ಲಿ ಚಿತ್ರ ತೆಗೆದಿಡುವುದಾದರೆ ಹೊದಿಕೆಯಿಂದ ಕೊನೆಯ ಪುಟದವರೆಗೆ, ಖಾಲಿ ಹಾಳೆಗಳನ್ನೂ ಬಿಡದೆ, ಅನುಕ್ರಮವಾಗಿ ತೆಗೆಯಬೇಕು. ನಡುವಿನ ಪುಟ ಬಿಟ್ಟುಹೋದರೆ ಎಣಿಕೆಯೇ ತಪ್ಪುತ್ತದೆ.

ಈ ಪುಸ್ತಕಗಳಲ್ಲಿ ಕುಟುಂಬಗಳ ಜಾತಿ, ಬಡತನ, ಶಾಲೆ ಬಿಟ್ಟ ಕಾರಣಗಳು ಇರುವುದರಿಂದ ಅವುಗಳ ಚಿತ್ರಗಳನ್ನು ಜಾಲತಾಣಗಳಲ್ಲಿಯೂ ಗುಂಪುಗಳಲ್ಲಿಯೂ ಹಂಚಿಕೊಳ್ಳಬಾರದು. ಅಧ್ಯಯನಕ್ಕಾಗಿ ನೋಡಬಯಸುವ ಸ್ನಾತಕೋತ್ತರ ಹಾಗೂ ಸಂಶೋಧನ ವಿದ್ಯಾರ್ಥಿಗಳು ತಮ್ಮ ಮಾರ್ಗದರ್ಶಕರ ಪತ್ರದೊಡನೆ, ಯಾವ ವರ್ಷಗಳ ಯಾವ ವಿವರ ಬೇಕೆಂದು ನಮೂದಿಸಿ, ಆಯಾ ಮಠದ ಕಾರ್ಯಾಲಯಕ್ಕೆ ಲಿಖಿತ ಮನವಿ ಸಲ್ಲಿಸುವುದು ಕ್ರಮ. ಪ್ರಬಂಧದಲ್ಲಿ ವ್ಯಕ್ತಿಗಳ ಹೆಸರಿಗೆ ಬದಲಾಗಿ ಸಂಕೇತ ಸಂಖ್ಯೆಗಳನ್ನು ಬಳಸಬೇಕು. ಮೂಲ ಪುಸ್ತಕವನ್ನು ಕಾರ್ಯಾಲಯದಲ್ಲಿಯೇ ಕುಳಿತು ನೋಡಬೇಕು, ಹೊರಗೆ ಒಯ್ಯಲು ಕೇಳಬಾರದು.